ನಾನೂರು ನಿಂಬೆ ಸಸಿ ಮತ್ತು ತಿರುಗದ ಸ್ಟೀರಿಂಗ್

ಬೆಳಿಗ್ಗೆ ಆರಕ್ಕೆ ಕಿಣ್ಣಿ ಸುಲ್ತಾನದಿಂದ ಹೊರಟೆವು. ಪಿಕಪ್ಪಿನ ಹಿಂದೆ ಇಪ್ಪತ್ತು ಕ್ರೇಟುಗಳಲ್ಲಿ ನಾನೂರು ನಿಂಬೆ ಸಸಿಗಳು, ಮುಂದೆ ನಾನು ಮತ್ತು ನನ್ನ ತಂಗಿ ಭಾರತಿ. ಊರಲ್ಲಿ ಸಸಿಗಳ ನರ್ಸರಿ ನಡೆಸುವವಳು ಅವಳೇ, ಗಾಡಿ ಓಡಿಸುವವಳೂ ಅವಳೇ. ನಾನು ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವವನು, ರಜೆಗೆಂದು ಬಂದಿದ್ದೆ. ಜೇವರ್ಗಿಯ ಹೊರವಲಯದಲ್ಲಿ ಆರು ಜನ ಹೆಣ್ಣುಮಕ್ಕಳು ಸೇರಿ ಎರಡು ಎಕರೆ ಹೊಲವನ್ನು ಲಾವಣಿ, ಅಂದರೆ ಗೇಣಿ, ಹಿಡಿದಿದ್ದರು. ಕೂಲಿಗೆ ಹೋಗುವವರು, ಅವತ್ತು ಕೆಲಸ ಬಿಟ್ಟು ಕುಣಿ ತೋಡಿ, ಗೊಬ್ಬರ ಹಾಕಿ ಕಾಯುತ್ತಿದ್ದರು. ಹತ್ತು ಗಂಟೆಗೆ ಸಸಿ ತಲುಪಿಸುತ್ತೇನೆಂದು ಭಾರತಿ ಮಾತು ಕೊಟ್ಟಿದ್ದಳು.

ನಾನು ಸುಮ್ಮನೆ ಜೊತೆಗೆ ಹೊರಟವನಲ್ಲ. ಎರಡು ವರ್ಷದ ಹಿಂದೆ ನರ್ಸರಿಯ ನೆರಳುಬಲೆ ಕಟ್ಟುವಾಗ ಅವಳು ಏಣಿಯಿಂದ ಬಿದ್ದು ಎಡಭುಜ ಮುರಿದುಕೊಂಡಿದ್ದಳು. ಒಳಗೆ ಪ್ಲೇಟ್ ಹಾಕಿದ್ದರು. ಆ ಕೈಯಲ್ಲಿ ಇನ್ನು ಗಾಡಿ ಬೇಡ, ಇದನ್ನು ಮಾರಿ ಒಬ್ಬ ಬಾಡಿಗೆ ಡ್ರೈವರನನ್ನು ಗೊತ್ತು ಮಾಡಿಕೋ ಎಂದು ಹೇಳುವುದಕ್ಕೆ ನಾನು ದಾರಿಯುದ್ದಕ್ಕೂ ಸಮಯ ನೋಡುತ್ತಿದ್ದೆ.

ಆಳಂದದಲ್ಲಿ ಡೀಸೆಲ್ ಹಾಕಿಸಿ, ಚಹಾ ಕುಡಿದೆವು. ಹೊರಡುವ ಮುನ್ನ ಅವಳು ಕೊಡದಲ್ಲಿ ನೀರು ತಂದು ಕ್ರೇಟುಗಳ ಮೇಲೆ ಚಿಮುಕಿಸಿದಳು. ಮೃಗಶಿರಾ ಮಳೆ ಒಂದು ಸಲ ಬಂದು ಹೋಗಿದ್ದರೂ ಬಿಸಿಲಿಗೆ ಏನೂ ಕಡಿಮೆಯಿರಲಿಲ್ಲ. ಅಫಜಲಪುರದ ದಾರಿ ಹಿಡಿದಾಗ ಎರಡೂ ಕಡೆ ಹರಗಿಬಿಟ್ಟ ಕರಿಹೊಲಗಳು ತೆರೆದುಕೊಂಡವು. ನಾನು ಗಂಟಲು ಸರಿ ಮಾಡಿಕೊಂಡು, "ಭಾರತೀ, ಒಂದ್ ಮಾತು..." ಎಂದೆ.

ಅಷ್ಟರಲ್ಲಿ ಟಕ್ ಎಂದು ಏನೋ ಸದ್ದಾಯಿತು. ಮುಂದಿನ ಫಲಕದಲ್ಲಿ ಸ್ಟೀರಿಂಗ್ ಚಕ್ರದ ಚಿತ್ರವಿರುವ ಹಳದಿ ದೀಪ ಹತ್ತಿಕೊಂಡಿತು. ಎದುರಿಗೆ ಎಡತಿರುವು, ತಿರುವಿನಾಚೆ ಕುರಿಹಿಂಡು.

"ಅಣ್ಣಾ, ಸ್ಟೇರಿಂಗ್ ತಿರುಗವಲ್ದು!"

ಅವಳು ಬ್ರೇಕ್ ಒತ್ತಿ, ಎರಡೂ ಕೈಗಳಿಂದ ಚಕ್ರವನ್ನು ಎಳೆದಳು. ನೋವಿಗೆ ಅವಳ ಮುಖ ಬಿಳಿಚಿತು. ಗಾಡಿ ತಿರುವನ್ನು ಅರ್ಧ ದಾಟಿ, ರಸ್ತೆಯ ಬಲ ಅಂಚಿನ ಮಣ್ಣಿಗಿಳಿದು ನಿಂತಿತು. ಕುರಿಗಳು ನಮ್ಮನ್ನು ಬಳಸಿಕೊಂಡು ಹೋದವು. ಕುರುಬ ಅಜ್ಜ ಕಿಟಕಿಯ ಬಳಿ ಬಂದು, "ಯಾರಿಗೂ ಏನ್ ಆಗಿಲ್ಲಲ್ರಿ?" ಎಂದು ಕೇಳಿ, ನಾವು ಇಲ್ಲವೆಂದ ಮೇಲೆಯೇ ಮುಂದೆ ಹೋದ.

ಭಾರತಿ ಐದು ನಿಮಿಷ ಭುಜ ಹಿಡಿದುಕೊಂಡು ಕುಳಿತಳು. ಆಮೇಲೆ ಕೆಲಸಕ್ಕಿಳಿದಳು. ಮಿನುಗುವ ದೀಪ ಹಾಕಿ, ಇಂಜಿನ್ ಬಂದ್ ಮಾಡಿ, ಕೀಲಿ ಹೊರತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದಳು. ಹಳದಿ ದೀಪ ಆರಿತು, ಚಕ್ರ ಬೆಣ್ಣೆಯಂತೆ ತಿರುಗಿತು. ನಾನು ನಿಟ್ಟುಸಿರುಬಿಟ್ಟೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಟಕ್, ಮತ್ತೆ ಅದೇ ದೀಪ. ಈ ಸಲ ಅವಳು ಎಚ್ಚರದಿಂದಿದ್ದಳು, ನಿಧಾನವಾಗಿ ಪಕ್ಕಕ್ಕೆ ತಂದಳು. ಫ್ಯೂಸ್ ಪೆಟ್ಟಿಗೆ ತೆರೆದು ನೋಡಿದಳು. ಫ್ಯೂಸ್ ಸುಟ್ಟಿರಲಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬನಿಗೆ ಫೋನ್ ಮಾಡಿದಳು. "ಸ್ಟೇರಿಂಗಿನ ಮೋಟಾರ್ ಹೋಗೇದ್ರಿ. ಹೊಸಾದು ತರಸ್ಬೇಕು, ಎರಡು ದಿನ ಹಿಡಿತದ" ಎಂದ ಆತ.

ಎರಡು ದಿನ! ಹಿಂದೆ ತಿರುಗಿ ನೋಡಿದೆ. ಎಳೆಯ ಚಿಗುರುಗಳು ಆಗಲೇ ತುದಿ ಬಾಗಿಸಿದ್ದವು.

"ಹೇಳಿಬಿಡು ಅಣ್ಣಾ," ಎಂದಳು ಭಾರತಿ, ನನ್ನ ಕಡೆ ನೋಡದೆ. "ಗಾಡಿ ಮಾರು ಅಂತ ಹೇಳಾಕ ಬಂದೀದಿ. ಮುಂಜಾನಿಂದ ಗಂಟಲ ಕೆಮ್ಮಾಕತ್ತೀದಿ."

ನನಗೆ ಸುಳ್ಳು ಹೇಳಲಾಗಲಿಲ್ಲ. "ಹೌದು. ಆದ್ರ ಈಗ ಹೇಳಂಗಿಲ್ಲ. ಈಗ ಇಳಿ, ನಾ ಓಡಸ್ತೀನಿ."

"ನೀ ಓಡಸೂದು ಸಣ್ಣ ಕಾರ್! ಈ ಲೋಡಿನ ಗಾಡಿ, ಅದೂ ಪವರ್ ಇಲ್ಲದ ಸ್ಟೇರಿಂಗ್!"

"ನೀ ಹೇಳಿಕೊಡು."

ಅವಳು ಹೇಳಿಕೊಟ್ಟಳು. ನಾನು ಬಾಲ್ಯದಲ್ಲಿ ಅವಳಿಗೆ ಸೈಕಲ್ ಕಲಿಸುವಾಗ ಗದರಿದ ಹಾಗೆಯೇ ಗದರುತ್ತ ಹೇಳಿಕೊಟ್ಟಳು. "ನಿಂತ ಗಾಡ್ಯಾಗ ತಿರುಗಿಸಬ್ಯಾಡ. ಜರಾ ಮುಂದ ಉರುಳಲಿ, ಆಮ್ಯಾಲ ತಿರುಗಿಸು. ತಿರುವು ಬರೂಕಿಂತ ಮೊದ್ಲಽ ಸ್ಪೀಡ್ ಕಡಿಮಿ ಮಾಡು. ಕೈ ಅಲ್ಲ, ಮೈಯೆಲ್ಲಾ ಹಾಕು." ಹನ್ನೆರಡು ಕಿಲೋಮೀಟರ್ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಫಜಲಪುರ ಮುಟ್ಟುವ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿ, ತೋಳುಗಳು ಸೋತುಹೋಗಿದ್ದವು. ಒಂದೇ ಕೈ ಗಟ್ಟಿಯಿದ್ದವಳು ಆ ಮೊದಲ ತಿರುವನ್ನು ಹೇಗೆ ದಾಟಿದಳೋ ಎಂದು ಆಗ ಆಶ್ಚರ್ಯವಾಯಿತು.

ಊರೊಳಗೆ ಗಾಡಿಗಳ ವೈರಿಂಗ್ ಕೆಲಸ ಮಾಡುವ ಮಿಲಿಂದ ಎಂಬವರ ಅಂಗಡಿಯನ್ನು ಪಂಕ್ಚರ್‌ನವನೊಬ್ಬ ತೋರಿಸಿದ. ನಲವತ್ತೈದರ ಆಸುಪಾಸಿನ ಮನುಷ್ಯ, ಕಿವಿಸಂದಿಯಲ್ಲಿ ಪೆನ್ಸಿಲ್. ಮೋಟಾರ್ ಹೋಗಿದೆಯಂತೆ ಎಂದು ನಾನು ಹೇಳಿದ್ದಕ್ಕೆ ನಕ್ಕರು.

"ಯಾರ್ ಹೇಳಿದ್ರಿ ಸರ? ಫೋನಿನ್ಯಾಗ ನಾಡಿ ಹಿಡದ್ರೇನು? ಮೋಟಾರ್ ಸತ್ರ ಸತ್ತಽ ಹೋಗ್ತದ. ಬಂದ್ ಮಾಡಿ ಚಾಲೂ ಮಾಡಿದ್ರ ಹೊಳ್ಳಿ ಜೀವ ಬರ್ತದಂದ್ರ ಕರೆಂಟ್ ಬರೋಬ್ಬರಿ ಮುಟ್ಟವಲ್ದು."

ಅವರು ಬ್ಯಾಟರಿಗೆ ಮೀಟರ್ ಹಚ್ಚಿದರು. ಬ್ಯಾಟರಿ ಸರಿಯಿತ್ತು. ಇಂಜಿನ್ ಶುರು ಮಾಡಿಸಿ, ಬ್ಯಾಟರಿ ತುಂಬುತ್ತಿರುವುದನ್ನೂ ನೋಡಿದರು. ಆಮೇಲೆ ಮೀಟರಿನ ತಂತಿಯನ್ನು ಸ್ಟೀರಿಂಗ್ ಮೋಟಾರಿನ ಹತ್ತಿರ ಒಯ್ದು, ಚಕ್ರ ತಿರುಗಿಸಲು ಹೇಳಿದರು. ನಾನು ಚಕ್ರ ಎಳೆದ ಕ್ಷಣವೇ ಮೀಟರಿನ ಅಂಕಿ ಕುಸಿಯಿತು. ಮಿಲಿಂದ ಒಂದು ದಪ್ಪ ಕೇಬಲ್ ತಂದು, ಒಂದು ತುದಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಗೂ ಕಚ್ಚಿಸಿ, ಗಾಡಿ ಬಂದ್ ಮಾಡಿ ಶುರು ಮಾಡಿಸಿದರು. "ಈಗ ತಿರುಗಿಸ್ರಿ."

ಒಂದು ಬೆರಳಿಗೆ ತಿರುಗಿತು.

ಅವರು ಗಾಡಿಯ ಕೆಳಗೆ ಹೊರಳಿ ನಮ್ಮನ್ನೂ ಬಗ್ಗಿ ನೋಡಲು ಕರೆದರು. ಈ ಪಿಕಪ್ಪಿನ ಬ್ಯಾಟರಿ ಇರುವುದು ಹಿಂದಿನ ಹಲಗೆಯ ಅಡಿಯಲ್ಲಿ, ಚಾಸಿಯ ಮಗ್ಗುಲಲ್ಲಿ. ಅಲ್ಲಿಂದ ಚಾಸಿಗೆ ಹೋಗುವ ಅರ್ಥಿಂಗ್ ತಂತಿಯ ಬೋಲ್ಟು ಹಸಿರು-ಬಿಳಿ ಪುಡಿಯಲ್ಲಿ ಹೂತುಹೋಗಿತ್ತು. ಕರೆಂಟನ್ನು ತಡೆಯುತ್ತಿದ್ದುದು ಆ ತುಕ್ಕೇ. ಅದರ ಮೇಲೆ ಹಲಗೆಯ ಸಂದಿಯಿಂದ ಹನಿ ಹನಿಯಾಗಿ ನೀರು ಬೀಳುತ್ತಿತ್ತು.

"ಅಕ್ಕೋರ, ಗಾಡಿ ಮ್ಯಾಲ ನೀರು ಹಾಕ್ತೀರೇನ್ರಿ?"

ಭಾರತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ದಿನಾ ಹಾಕ್ತೇನ್ರಿ. ಸಸಿ ಬಾಡ್ತಾವಂತ. ಗೊಬ್ಬರದ ನೀರೂ ಹಾಕ್ತೇನಿ."

ಲೋಹದ ತುಕ್ಕಿನ ಪಾಠವನ್ನು ನಾನು ಪ್ರತಿವರ್ಷ ಮಾಡುತ್ತೇನೆ. ಕರಿಹಲಗೆಯ ಮೇಲೆ ಸಮೀಕರಣ ಬರೆಯುತ್ತೇನೆ. ಅಂದು ದಾರಿಬದಿಯಲ್ಲಿ ಗಾಡಿಯ ಕೆಳಗೆ ಬಗ್ಗಿ ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ಭಾರತಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ನಗುವಾಗ ಭುಜ ನೋಯುತ್ತದೆಂದು ಭುಜ ಹಿಡಿದುಕೊಂಡು ನಕ್ಕಳು. ಮಿಲಿಂದ ಬೋಲ್ಟ್ ಬಿಚ್ಚಿ, ಉಸುಕಿನ ಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ತಂತಿಗೆ ಹೊಸ ತುದಿ ಕೂಡಿಸಿ, ಬಿಗಿದು ಗ್ರೀಸ್ ಹಚ್ಚಿದರು. ಹಳೆಯ ಟ್ಯೂಬ್ ಕತ್ತರಿಸಿ ಬ್ಯಾಟರಿಯ ಮೇಲೊಂದು ರಬ್ಬರಿನ ಹೊದಿಕೆಯನ್ನೂ ಹಾಕಿದರು. ಗಾಡಿಯನ್ನು ತಾವೇ ಊರ ಹೊರಗೆ ಓಡಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ ಮೇಲೆ ಬಿಟ್ಟುಕೊಟ್ಟರು. "ಇನ್ಮ್ಯಾಲ ನೀರು ಹಾಕೂದಿದ್ರ ಸಸಿ ಇಳಿಸಿ ಹಾಕ್ರಿ. ಹೋಗಿ ಬರ್ರಿ."

ಆ ಮಾತನ್ನು ದಾರಿಯಲ್ಲಿ ಸಿಕ್ಕ ಸೊನ್ನ ಗ್ರಾಮದಲ್ಲಿ ಪಾಲಿಸಿದೆವು. ಬ್ಯಾರೇಜಿನ ಹತ್ತಿರ ಬೇವಿನ ಮರದಡಿ ಗಾಡಿ ನಿಲ್ಲಿಸಿ, ಇಪ್ಪತ್ತೂ ಕ್ರೇಟು ನಾನೇ ಇಳಿಸಿದೆ. ಅವಳು ಒಂದೊಂದಕ್ಕೂ ನೀರು ಕೊಟ್ಟಳು. ಭೀಮೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಚ್ಚಿ ಉಂಡೆವು.

"ಈಗ ಹೇಳು," ಎಂದಳು.

"ನೀ ಮೊದ್ಲು ಹೇಳು. ಕೈ ಹೆಂಗದ, ಖರೇ ಹೇಳು."

"ಡಾಕ್ಟರ್ ಎಕ್ಸ್‌ರೇ ನೋಡಿ ಹೂಂ ಅಂದಾರ. ಪವರ್ ಸ್ಟೇರಿಂಗ್ ಇದ್ರ ಓಡಸು, ಭಾರ ಎತ್ತಬ್ಯಾಡ ಅಂದಾರ. ಅದಕ್ಕಽ ಹಳೇ ಗಾಡಿ ಕೊಟ್ಟು ಇದನ್ನ ತಗೊಂಡೆ." ಬುತ್ತಿಯ ಬಟ್ಟೆ ಮಡಚುತ್ತ, "ನೀ ಅಂಜತೀದಿ ಅಂತ ಗೊತ್ತದ ಅಣ್ಣಾ. ನಂಗೂ ಇವತ್ತು ಅಂಜಿಕಿ ಬಂತು. ಆದ್ರ ಬ್ಯಾರೆ ಡ್ರೈವರ್ ಸಸಿ ಒಯ್ದು ಒಗದು ಬರ್ತಾನ. ನಾ ಹೋದ್ರ ಕುಣಿ ನೋಡಿ, ಬೇರು ನೋಡಿ ಬರ್ತೇನಿ."

ನಾನು ಮಾರುವ ಮಾತೆತ್ತಲಿಲ್ಲ. ಕ್ರೇಟು ಏರಿಸಲು ಒಬ್ಬರನ್ನು ಗೊತ್ತು ಮಾಡಿಕೋ ಎಂದೆ. ಅವಳು ಒಪ್ಪಿದಳು.

ಜೇವರ್ಗಿ ತಲುಪಿದಾಗ ಎರಡೂವರೆ. ನಾವು ಫೋನಿನಲ್ಲಿ ತಿಳಿಸಿದ್ದರೂ ನನಗೆ ಅಳುಕಿತ್ತು. ಹೊಲದ ಬದುವಿನಲ್ಲಿ ಐದು ಜನ ಕುಳಿತಿದ್ದರು. ಅವರಲ್ಲಿ ಹಿರಿಯಳಾದ ನಿಂಗಮ್ಮ ಎದ್ದು ಬಂದು ಸಸಿಗಳನ್ನಲ್ಲ, ಮೊದಲು ಭಾರತಿಯ ಭುಜ ಮುಟ್ಟಿ ನೋಡಿದಳು.

"ತಡಾ ಆತು ನಿಂಗಮ್ಮಾ."

"ಆಗಲಿ ಬಿಡವ್ವ. ಇಂಥಾ ಬಿಸಲಾಗ ನೆಟ್ಟಿದ್ರ ಒಣಗತಿದ್ವು. ಇಳಿಹೊತ್ತಿನ್ಯಾಗ ನಡೋದು ಚಲೋ." ಮನೆಗೆ ಹೋಗಿದ್ದ ಆರನೆಯವಳನ್ನು ಕೂಗಿ ಕರೆಸಿದರು. ಬಿಸಿಲು ಇಳಿದ ಮೇಲೆ ನೆಡಲು ಶುರು ಮಾಡಿದೆವು. ಹನ್ನೊಂದು ಸಸಿ ಬಾಡಿದ್ದವು, ಉಳಿದವೆಲ್ಲ ಮಣ್ಣು ಕಂಡವು. ನಾನೂ ಹದಿನೈದು ನೆಟ್ಟೆ. ಅದರಲ್ಲಿ ನಾಲ್ಕನ್ನು ನಿಂಗಮ್ಮ ಕಿತ್ತು ನೆಟ್ಟಗೆ ನೆಟ್ಟಳು.

ರಜೆ ಮುಗಿದಿತ್ತು. ಧಾರವಾಡಕ್ಕೆ ಹೊರಟ ನನ್ನನ್ನು ಏಳು ಗಂಟೆಗೆ ಭಾರತಿ ವಿಜಯಪುರದ ಬಸ್ಸಿಗೆ ಬಿಟ್ಟಳು. ಅವತ್ತು ರಾತ್ರಿ ಅವಳು ನಿಂಗಮ್ಮನ ಮನೆಯಲ್ಲೇ ಉಳಿಯುವವಳಿದ್ದಳು. ಬಸ್ಸು ಹೊರಟಾಗ ಕಿಟಕಿಯಿಂದ ಹಿಂದೆ ನೋಡಿದೆ. ಟಂಟಂ ಆಟೋ, ತಳ್ಳುಗಾಡಿ, ಎತ್ತಿನ ಬಂಡಿಗಳ ನಡುವೆ ಅವಳು ಖಾಲಿ ಪಿಕಪ್ಪನ್ನು ಹಿಂದಕ್ಕೂ ಮುಂದಕ್ಕೂ ಮಾಡಿ ಹೊರಳಿಸುತ್ತಿದ್ದಳು. ಬಾಳೆಹಣ್ಣಿನವನು ಏನೋ ಕೂಗಿದ. ಅವಳು ಕಿಟಕಿಯಿಂದ ತಲೆ ಹೊರಹಾಕಿ, ಎಡಗೈ ಚಕ್ರದ ಮೇಲೆ ಹಗುರಾಗಿಟ್ಟುಕೊಂಡೇ, ಅವನಿಗೆ ಅಷ್ಟೇ ಜೋರಾಗಿ ಉತ್ತರ ಕೊಟ್ಟಳು. ಅವನು ನಗುತ್ತ ಗಾಡಿ ಸರಿಸಿದ. ಪಿಕಪ್ಪು ಹೊರಳಿ ಊರೊಳಗೆ ಹೋಯಿತು.