ಉಪ್ಪಿನಕಾಯಿ ಬಾಟಲಿಗೆ ಸುತ್ತಿ ಬಂದ ನಾಲ್ಕು ಹಾಳೆ

ಶುಕ್ರವಾರ ಬೆಳಿಗ್ಗೆ ನಾನು ಮೀನಿನ ಹುರುಪೆ ಕೆರೆಯುತ್ತಿದ್ದೆ. ಶೇರಿ ಮೀನು. ತೊಂಬತ್ತರ ದಶಕದಲ್ಲಿ ದೋಹಾದ ಅಲ್ ಹಿಲಾಲ್‌ನಲ್ಲಿದ್ದ ನಮ್ಮ ಮನೆಗೆ ವಾರವಾರವೂ ಬರುತ್ತಿದ್ದದ್ದು ಅದೇ. ಬಂಗುಡೆಯ ರುಚಿ ಅದಕ್ಕಿಲ್ಲ. ಆದರೆ ಮುಳ್ಳು ದೊಡ್ಡದು, ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಅದನ್ನೂ ಅಲ್ಲಾಹನ ಒಂದು ದಯೆ ಎಂದೇ ನಾನು ಎಣಿಸುತ್ತಿದ್ದೆ.

ಬೆಲ್ ಆಯಿತು. ಬಂದವರು ನಮ್ಮೂರಿನವರೇ. ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ವಯರಿಂಗ್ ಕೆಲಸ ಮಾಡುವ ಅವರನ್ನು ನಾವು ಕಾಕ ಎನ್ನುತ್ತಿದ್ದೆವು. ರಜೆ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದರು. ಕೈಯಲ್ಲಿ ನನ್ನ ಉಮ್ಮ ಕಳಿಸಿದ ಚೀಲ.

“ಎಲ್ಲ ಉಂಟು ತಂಗೀ. ಹಲ್ವ, ಒಣಮೀನು, ಉಪ್ಪಿನಕಾಯಿ. ಬಾಟ್ಲಿಗೆ ಒಂದು ಗೀರೂ ಬೀಳ್ಲಿಲ್ಲ, ನೋಡಿ.”

“ಉಪ್ಪನ ಕಟ್ಟು ಎಲ್ಲಿ ಕಾಕ?”

ಅವರು ಚಪ್ಪಲಿ ಬಿಡುವುದನ್ನು ಅರ್ಧಕ್ಕೇ ನಿಲ್ಲಿಸಿದರು. “ಅದು ಬೊಂಬಾಯಿಯಲ್ಲಿ ತೆಗೀಬೇಕಾಯ್ತು. ತೂಕ ಜಾಸ್ತಿ ಬಂತು.”

ಆ ಕಟ್ಟು ಏನೆಂದು ಹೇಳಬೇಕು. ನನ್ನ ಉಪ್ಪ, ಎಂದರೆ ತಂದೆ, ಊರಿನ ಕಾಲೇಜಿನಲ್ಲಿ ಆಟದ ಮೇಷ್ಟ್ರಾಗಿದ್ದವರು. ನಿವೃತ್ತಿಯಾಗುವ ಮೊದಲೇ ಎರಡು ಪುಸ್ತಕ ಬರೆದಿದ್ದರು. ಮೊದಲನೆಯದು ನಮ್ಮ ಕಡಲತೀರಕ್ಕೆ ಬರುವ ಪ್ರವಾಸಿಗರಿಗೆ: ಯಾವ ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಯಾವ ಕಡೆ ನೀರಿಗಿಳಿಯಬಾರದು, ಎಲ್ಲಿ ಒಳ್ಳೆಯ ಚಾ ಸಿಗುತ್ತದೆ. ಎರಡನೆಯದು ನಮ್ಮ ಮನೆತನದ ಚರಿತ್ರೆ. ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿದ್ದಕ್ಕೆ ದೊಡ್ಡಪ್ಪ ಬಹಳ ಕಾಲ ನಮ್ಮ ಮನೆ ಮೆಟ್ಟಿಲು ಹತ್ತಿರಲಿಲ್ಲ. ಉಪ್ಪನ ಅಕ್ಷರ ಸಾಲು ತಪ್ಪಿದ ಇರುವೆಗಳ ಹಾಗೆ. ಅಚ್ಚಿನ ಮನೆಯವರು ಓದಲಾರೆವೆಂದು ಕೈಚೆಲ್ಲುತ್ತಿದ್ದರು. ಹಾಗಾಗಿ ಎರಡನ್ನೂ ಅಚ್ಚಿಗೆ ಕೊಡುವ ಮೊದಲು ಚೆನ್ನಾಗಿ ನಕಲು ಮಾಡಿ ಕೊಟ್ಟವಳು ನಾನು, ಮದುವೆಗೆ ಮೊದಲು.

ಮೂರನೆಯದು ಕಾಲೇಜಿನ ಫುಟ್ಬಾಲ್ ಬಗ್ಗೆ. ಅದನ್ನು ಬರೆಯುವಾಗಲೇ ಅವರ ಕಣ್ಣು ಹೋಗುತ್ತಾ ಬಂತು. ಕೊನೆಯ ಅಧ್ಯಾಯಗಳನ್ನು ಭೂತಗನ್ನಡಿ ಹಿಡಿದು ಬರೆದರು. ಆಮೇಲೆ ಅದರಲ್ಲೂ ಕಾಣದಾಯಿತು. ಪ್ರತಿ ತೆಗೆಸಿ ಎಂದು ತಮ್ಮ ಹೇಳಿದರೆ, “ಅವಳು ಬರೆಯುತ್ತಾಳಲ್ಲ, ಅದೇ ಪ್ರತಿ” ಎಂದರಂತೆ. ನಕಲು ಮಾಡಲೆಂದು ಆ ಹಾಳೆಗಳ ಕಟ್ಟನ್ನೇ ಕಾಕನ ಕೈಯಲ್ಲಿ ಕಳಿಸಿದ್ದರು. ನಾನು ಗೆರೆ ಹಾಕಿದ ಕಾಗದ, ಎರಡು ಪೆನ್ನು ತರಿಸಿ ಕಪಾಟಿನ ಮೇಲಿಟ್ಟು ಕಾಯುತ್ತಿದ್ದೆ.

ಆಗ ಊರಿನಿಂದ ಇಲ್ಲಿಗೆ ನೇರ ವಿಮಾನ ಇರಲಿಲ್ಲ. ಬಸ್ಸಿನಲ್ಲಿ ಬೊಂಬಾಯಿಗೆ ಬಂದು ಅಲ್ಲಿಂದ ಹಾರಬೇಕು. ತಕ್ಕಡಿಯ ಹತ್ತಿರ ಚೀಲ ಬಿಚ್ಚಿ ಕೂತವರ ಸಾಲೇ ಇರುತ್ತಿತ್ತು. ಕಾಕ ಮೊದಲು ತಮ್ಮ ಹೊಸ ಚಪ್ಪಲಿ ತೆಗೆದರಂತೆ. ಆಮೇಲೆ ಹೆಂಡತಿ ಕೊಟ್ಟ ಅಕ್ಕಿಹಪ್ಪಳದ ಡಬ್ಬ. ಆಮೇಲೆ ಅವರದೇ ಕಂಬಳಿ. ಅಷ್ಟಾದರೂ ತಕ್ಕಡಿಯ ಮುಳ್ಳು ಇಳಿಯಲಿಲ್ಲ.

“ತಿನ್ನುವ ಸಾಮಾನು ಅಮಾನತ್ತು ಅಲ್ವಾ ತಂಗೀ? ತಾಯಿ ಮಗಳಿಗೆ ಅಂತ ನಂಬಿ ಕೊಟ್ಟದ್ದು. ಅದನ್ನು ಬಿಟ್ಟು ಬಂದ್ರೆ ನಾಳೆ ಅಲ್ಲಾಹನ ಮುಂದೆ ಏನು ಹೇಳುವುದು? ಇದು ಕಾಗದ, ಊರಲ್ಲಿ ಇನ್ನೊಂದು ಇರ್ತದೆ ಅಂತ ಎಣಿಸಿದೆ. ಗೋಡೆ ಬದಿಯ ಕುರ್ಚಿ ಮೇಲೆ ಇಟ್ಟು ಬಂದೆ.”

ನನಗೆ ಸಿಟ್ಟು ಬರಬೇಕಿತ್ತು. ಆದರೆ ತನ್ನ ಹೆಂಡತಿಯ ಹಪ್ಪಳ ಬಿಟ್ಟು ನನ್ನ ಉಮ್ಮನ ಹಲ್ವ ಹೊತ್ತು ತಂದ ಮನುಷ್ಯನ ಮೇಲೆ ಸಿಟ್ಟನ್ನು ಎಲ್ಲಿ ಇಡುವುದು? ಕೈಯಲ್ಲಿ ಮೀನಿನ ಹುರುಪೆ ಒಣಗುತ್ತಿತ್ತು. ಕೂತ್ಕೊಳ್ಳಿ, ಚಾ ಮಾಡುತ್ತೇನೆ ಎಂದೆ.

ಮಲಗಿದ್ದ ನಮ್ಮ ಯಜಮಾನರು ಎದ್ದು ಬಂದು ವಿಷಯ ಕೇಳಿ, ಬೊಂಬಾಯಿಯ ಗೆಳೆಯನಿಗೆ ಫೋನ್ ಹಚ್ಚಿದರು. ಕಾಕ ಚಾದ ಲೋಟದಿಂದ ತಲೆ ಎತ್ತಲಿಲ್ಲ.

“ಹಲ್ವ ತಿನ್ನಿ ಕಾಕ,” ಎಂದರು ಇವರು. “ಪುಸ್ತಕ ಹೋದರೆ ಹೋಯ್ತು, ಇದನ್ನು ತಿಂದು ನಾವೇ ಫುಟ್ಬಾಲ್ ಆಗುವ.”

ಯಾರಿಗೂ ನಗು ಬರಲಿಲ್ಲ. ಇವರಿಗೂ.

ಉಪ್ಪಿನಕಾಯಿ ಬಾಟಲಿಯನ್ನು ಬಿಚ್ಚಿದಾಗ ಒಳಗಿನ ಸುತ್ತಿನಲ್ಲಿ ಆ ಇರುವೆ ಅಕ್ಷರ ಕಾಣಿಸಿತು. ಬೊಂಬಾಯಿಯಲ್ಲಿ ಚೀಲ ಬಿಚ್ಚಿದಾಗ ಹಳೆಯ ಪೇಪರ್ ಹರಿದಿದ್ದರಿಂದ ಕಾಕ ಕಟ್ಟಿನ ಮೇಲಿಂದ ನಾಲ್ಕು ಹಾಳೆ ತೆಗೆದು ಸುತ್ತಿದ್ದರಂತೆ. ಮುಚ್ಚಳದಿಂದ ಎಣ್ಣೆ ಒಸರಿ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಅಲ್‌ಹಮ್ದುಲಿಲ್ಲಾಹ್, ನಾಲ್ಕಾದರೂ ಬಂತು ಎಂದುಕೊಂಡೆ. ಅದು ದಯೆಯೋ ಶಿಕ್ಷೆಯೋ ಎಂದು ಆಗ ಯೋಚಿಸಲಿಲ್ಲ.

ಜುಮಾ ನಮಾಜು ಮುಗಿಸಿ ಇವರು ಬರುವಷ್ಟರಲ್ಲಿ ಗೆಳೆಯನ ಫೋನ್ ಬಂತು. ಪಾಪ, ಅವನು ಏರ್‌ಪೋರ್ಟಿಗೆ ಹೋಗಿಯೇ ಬಂದಿದ್ದ. ಕುರ್ಚಿ ಇತ್ತಂತೆ. ಅಲ್ಲಿ ಬಿಟ್ಟದ್ದನ್ನೆಲ್ಲ ಗುಡಿಸುವವರು ಆಗಿಂದಾಗಲೇ ಒಯ್ಯುತ್ತಾರಂತೆ. ಎಲ್ಲಿಗೆ ಒಯ್ಯುತ್ತಾರೆ ಎಂದು ಹೇಳುವವರು ಯಾರೂ ಸಿಗಲಿಲ್ಲವಂತೆ.

ಪ್ರತಿ ಶುಕ್ರವಾರ ಊರಿನಲ್ಲಿ ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಉಪ್ಪ ನನ್ನ ಕರೆ ಕಾಯುತ್ತಾ ಪಕ್ಕದ ಮನೆಯ ಫೋನಿನ ಹತ್ತಿರ ಕೂತಿರುತ್ತಿದ್ದರು. ಆಗ ಇಲ್ಲಿ ಇನ್ನೂ ಬಿಸಿಲು.

“ಬಂತು ಅಂತ ಹೇಳಿಬಿಡು,” ಎಂದರು ಇವರು ಮೆಲ್ಲನೆ. “ಕಾಣದವರಿಗೆ ಏನು ಗೊತ್ತಾಗ್ತದೆ?”

ಈಗಷ್ಟೇ ಅಸರ್ ನಮಾಜು ಮಾಡಿ ಎದ್ದ ಬಾಯಿ. ಸುಳ್ಳು ಹೊರಡಲಿಲ್ಲ.

“ಮುಟ್ಟಿತಾ ಮೋಳೇ?” ಫೋನ್ ಎತ್ತಿದ ಕೂಡಲೇ ಉಪ್ಪ ಕೇಳಿದ್ದು ಅದನ್ನೇ.

“ನಾಲ್ಕು ಹಾಳೆ ಮುಟ್ಟಿತು ಉಪ್ಪ.” ಉಳಿದದ್ದನ್ನೂ ಹೇಳಿದೆ.

“ಅವನನ್ನು ಬೈಲಿಲ್ಲ ತಾನೇ? ಚಾ ಕೊಟ್ಟೆಯಾ?”

“ಕೊಟ್ಟೆ.”

“ಬಂದದ್ದನ್ನು ಓದು.”

ಓದಿದೆ. ಬರಿಗಾಲಿನ ಹುಡುಗರು, ಚಮ್ಮಾರನಿಂದ ಹೊಲಿಸಿ ಹೊಲಿಸಿ ಒಂದು ಕಡೆ ಉಬ್ಬಿದ ಚೆಂಡು, ಬಿದಿರಿನ ಗೋಲು ಕಂಬ. ಪಕ್ಕದ ಊರಿನ ಕಾಲೇಜಿನೊಂದಿಗೆ ಮೊದಲ ಪಂದ್ಯ. ಎಣ್ಣೆ ತಾಗಿದ ಕಡೆ ತಡವರಿಸಿದರೆ ಆ ಪದವನ್ನು ಉಪ್ಪನೇ ಎತ್ತಿಕೊಡುತ್ತಿದ್ದರು. ಅವರ ದನಿಯಲ್ಲಿ ಖುಷಿಯೂ ಇತ್ತು. ನಾಲ್ಕನೆಯ ಹಾಳೆಯ ಕೊನೆಯ ಸಾಲು ಹೀಗಿತ್ತು: ದ್ವಿತೀಯಾರ್ಧ ಶುರುವಾಗುವಾಗ ನಮ್ಮ ಗೋಲ್‌ಕೀಪರ್ ಎರಡೂ ಕೈ ಎತ್ತಿ ಆಟ ನಿಲ್ಲಿಸಿದ, ಯಾಕೆಂದರೆ

“ಯಾಕೆಂದರೆ?” ಎಂದರು ಉಪ್ಪ.

“ಇಷ್ಟೇ ಇರುವುದು. ಮುಂದಿನದು ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.” ಕಾದಿಟ್ಟ ಕಾಗದವನ್ನು ತೊಡೆಯ ಮೇಲೆ ತೆರೆದಿದ್ದೆ.

ಅವರು ಗಂಟಲು ಸರಿಮಾಡಿಕೊಂಡರು. “ಅವನು ಕೈ ಎತ್ತಿದ. ಹೌದು, ಎತ್ತಿದ.” ಪಕ್ಕದ ಮನೆಯವರ ಮಗು ಅಳುವುದು ಫೋನಿನಲ್ಲಿ ಕೇಳುತ್ತಿತ್ತು.

“ಬರೆದಾಯ್ತಲ್ಲ ಅಂತ ತಲೆಯಿಂದ ಇಳಿಸಿಬಿಟ್ಟೆ ಮೋಳೇ,” ಎಂದರು.

“ಮುಂದಿನ ವಾರ ನೆನಪಾಗಬಹುದು ಉಪ್ಪ.”

“ನೋಡುವ. ಅಲ್ಲಾಹ್ ಕೊಟ್ಟರೆ.” ಇಷ್ಟು ಹೇಳಿ, ಮಕ್ಕಳಿಗೆ ಹಲ್ವ ಇಷ್ಟವಾಯಿತಾ ಎಂದು ಕೇಳಿದರು. ಆಯಿತು ಎಂದೆ. ಅದು ನಿಜವೇ ಆಗಿತ್ತು.

ಫೋನ್ ಇಟ್ಟ ಮೇಲೆ ಹಾಳೆಗಳನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟು, ಎಣ್ಣೆ ಹೀರಲೆಂದು ಅಕ್ಕಿಹಿಟ್ಟು ಉದುರಿಸಿದೆ. ಬೇರೇನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ರಾತ್ರಿಗೆಂದು ಉಳಿಸಿದ ಮೀನಿತ್ತು. ಕೈ ತೊಳೆದುಕೊಂಡು ಅದಕ್ಕೆ ಮಸಾಲೆ ಹಚ್ಚಲು ಹೋದೆ.