ಎತ್ತಿಗೊಂದು ಸೋಮವಾರ

ಪುಕ್ಕಟೆ ಕೆಲಸ ಮಾಡುವವನಿಗೆ ದಣಿವಾಯಿತು ಎನ್ನುವ ಹಕ್ಕು ಇರುವುದಿಲ್ಲ. ಸಂಬಳದ ಕೆಲಸವಾದರೆ ರಜೆಯ ಅರ್ಜಿ ಬರೆಯಬಹುದು. ಪುಕ್ಕಟೆಯವನು ಯಾರಿಗೆ ಬರೆಯಬೇಕು? ಈ ಮಾತು ನನ್ನ ತಲೆಗೆ ಬಂದದ್ದು ಎರಡು ಸಾವಿರದ ಎಂಟರ ಆಸುಪಾಸಿನಲ್ಲಿ, ಆರು ವರ್ಷದ ಹಿಂದೆ ನಾನೇ ಬರೆದ ಸಾಲುಗಳನ್ನು ನಾನೇ ತಿದ್ದುತ್ತ ಕೂತಿದ್ದಾಗ.

ನನ್ನದು ಬೈಲಹೊಂಗಲದಲ್ಲಿ ಟೈಪಿಂಗ್ ಕ್ಲಾಸು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಪ್‌ರೈಟರುಗಳಿಗೆ ಬಟ್ಟೆ ಹೊದಿಸಿ, ಕಂಪ್ಯೂಟರ್ ಕ್ಲಾಸ್ ಎಂದು ಬೋರ್ಡು ಬದಲಿಸಿದೆ. ಆ ಉಮೇದಿನಲ್ಲೇ ನಾವು ನಾಲ್ಕು ಜನ ಗೆಳೆಯರು ಸೇರಿ ‘ಸರದಿ’ ಎಂಬ ತಂತ್ರಾಂಶ ಬರೆದೆವು. ಕಟಕೋಳದ ರೈತರ ಸೊಸೈಟಿಯಲ್ಲಿ ಎತ್ತು ಹೂಡಿ ಬಿತ್ತುವ ಎರಡು ಹೊಸ ನಮೂನೆಯ ಕೂರಿಗೆಗಳಿದ್ದವು, ಕೇಳುವವರು ಇಡೀ ಊರಿನವರಿದ್ದರು. ಯಾರ ಸರದಿ ಯಾವ ದಿನ ಎಂದು ಕಂಪ್ಯೂಟರೇ ಹೇಳಿದರೆ ಜಗಳ ತಪ್ಪುತ್ತದೆ ಎಂದು ಅಲ್ಲಿಯ ಕಾರ್ಯದರ್ಶಿ ರುದ್ರಪ್ಪನವರ ಆಸೆ. ಬರೆದದ್ದನ್ನು ಮುಚ್ಚಿಡಲಿಲ್ಲ. ಯಾರು ಬೇಕಾದರೂ ಓದಿ, ತಿದ್ದಿ, ಬಳಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟೆವು. ಬ್ರೆಜಿಲ್ ದೇಶದ ಪೆದ್ರೊ ಎಂಬಾತ ಅದನ್ನು ಒಯ್ದು ತನ್ನೂರಿನ ಫುಟ್‌ಬಾಲ್ ಮೈದಾನವನ್ನು ಯಾರಿಗೆ ಯಾವ ದಿನ ಕೊಡಬೇಕು ಎಂದು ನೋಡಲು ಇಟ್ಟುಕೊಂಡ. ಕೂರಿಗೆ ಚೆಂಡಾದ ಸಂಗತಿಯನ್ನು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆಮೇಲೆ ನಾವು ಸರದಿಯನ್ನು ಬರೆದ ಕಂಪ್ಯೂಟರ್ ಭಾಷೆಗೇ ಹೊಸ ಆವೃತ್ತಿ ಬಂತು. ನಾಲ್ಕನೆಯದರಲ್ಲಿ ಬರೆದಿದ್ದೆವು, ಈಗ ಐದನೆಯದಂತೆ. ನಾಲ್ಕನ್ನು ಇನ್ನು ಯಾರೂ ನೋಡಿಕೊಳ್ಳುವುದಿಲ್ಲವಂತೆ. ಕಟಕೋಳಕ್ಕೆ ಬಂದ ಹೊಸ ಕಂಪ್ಯೂಟರಿನಲ್ಲಿ ಇದ್ದದ್ದೂ ಐದೇ. ಹಿಂಗಾರಿ ಬಿತ್ತನೆಯೊಳಗೆ ಸರದಿಯನ್ನು ಅದಕ್ಕೆ ಒಗ್ಗಿಸದಿದ್ದರೆ ಹಳೆಯ ಜಗಳ ಹೊಸದಾಗಿ ಶುರುವಾಗುತ್ತಿತ್ತು. ಮೂವರು ಗೆಳೆಯರಲ್ಲಿ ಕಿತ್ತೂರಿನವರು ಪರೀಕ್ಷೆ ಮುಗಿಯಲಿ ಎಂದರು. ಯಾವ ಪರೀಕ್ಷೆ ಎಂದು ಹೇಳಲಿಲ್ಲ. ಸವದತ್ತಿಯವರು ಮನೆ ಕಟ್ಟಿಸುತ್ತಿದ್ದರು. ಮೂರನೆಯವರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಉಳಿದವನು ನಾನು.

ದೇಗಾಂವದ ಕಮಲನಾರಾಯಣ ಗುಡಿಯ ಕಂಬಗಳನ್ನು ನೋಡಿದಾಗೆಲ್ಲ ನನಗೆ ಆ ಶಿಲ್ಪಿಗಳ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಕಲ್ಲಿನ ಹೊಸ ಆವೃತ್ತಿ ಬಂದಿದೆ, ಎಲ್ಲವನ್ನೂ ಇನ್ನೊಮ್ಮೆ ಕೆತ್ತಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹಳಗನ್ನಡದ ‘ಪಾಲ್’ ಹಾಲಾಗಲು ನೂರಾರು ವರ್ಷ ಹಿಡಿಯಿತು, ಅಷ್ಟು ದಿನವೂ ಎರಡನ್ನೂ ಜನ ಕುಡಿದರು. ನನಗೆ ಸಿಕ್ಕದ್ದು ಎರಡು ತಿಂಗಳು. ಒಂದು ಸಾಲು ತಿದ್ದಿದರೆ ಬೇರೆ ಕಡೆ ಮೂರು ಸಾಲು ಮುನಿಸಿಕೊಳ್ಳುತ್ತಿದ್ದವು. ನನಗೆ ನಿಜವಾಗಿಯೂ ಸಾಕಾಗಿತ್ತು.

ಹಾಗೆ ತಿದ್ದುವಾಗ ಒಂದು ಸಾಲು ಕಣ್ಣಿಗೆ ಬಿತ್ತು: ಸರದಿ ಸೋಮವಾರ ಬಂದರೆ ಮಂಗಳವಾರಕ್ಕೆ ತಳ್ಳು. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯಿರಿ ಎಂದು ತಟ್ಟೆಯ ಮೇಲೆ ಬರೆಯುತ್ತೇವೆಯೇ? ಇದನ್ನೂ ಹಾಗೆಯೇ ವಿವರಿಸದೆ ಬಿಟ್ಟಿದ್ದೆವು. ಪೆದ್ರೊನ ನೆನಪಾಗಿ ನಾಚಿಕೆಯಾಯಿತು. ಪಾಪ, ಎತ್ತೇ ಇಲ್ಲದ ಅವನ ಮೈದಾನಕ್ಕೆ ಆರು ವರ್ಷದಿಂದ ನಾವು ಸೋಮವಾರ ಬೀಗ ಹಾಕಿದ್ದೆವು. ಸಾಲನ್ನು ತೆಗೆದು, ಬಿಡುವಿನ ದಿನವನ್ನು ಅವರವರೇ ತುಂಬಿಕೊಳ್ಳಲಿ ಎಂದು ಖಾಲಿ ಜಾಗ ಮಾಡಿದೆ. ಅವನಿಗೆ ಕ್ಷಮೆ ಕೇಳಿ ಪತ್ರವನ್ನೂ ಬರೆದೆ. ಕಟಕೋಳದ ಖಾಲಿ ಜಾಗವನ್ನು ತುಂಬುವುದು ಮಾತ್ರ ಮರೆತೆ.

ಬಿತ್ತನೆ ಶುರುವಾದ ಮೊದಲ ಸೋಮವಾರ ಬೆಳಿಗ್ಗೆಯೇ ರುದ್ರಪ್ಪನವರ ಫೋನು.

“ಸರ, ನಿಮ್ಮ ಸರದಿ ಬಸವಣ್ಣನ್ನ ದುಡಸಾಕ ಹತ್ತೇತ್ರಿ. ಗಂಗವ್ವಾರು ಬಂದು ಕುಂತಾರ. ಹೊಲದಾಗಿನ ಹಸಿ ಆರಾಕತ್ತೇತಿ ಅಂತಾರ.”

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಕಟಕೋಳ ಮುಟ್ಟಿದೆ. ಗಂಗವ್ವನವರು ಒಬ್ಬರೇ ನಾಲ್ಕೆಕರೆ ಮಾಡಿಸುವವರು. ಬಿಳಿಜೋಳದ ಬೀಜದ ಚೀಲವನ್ನು ಪಕ್ಕಕ್ಕಿಟ್ಟುಕೊಂಡು ಸೊಸೈಟಿಯ ಕಟ್ಟೆಯ ಮೇಲೆ ಕೂತಿದ್ದರು. ಅವರ ಸರದಿ ಇವತ್ತು, ಇವತ್ತು ಎತ್ತು ಹೂಡುವಂತಿಲ್ಲ, ನಾಳೆಯ ಸರದಿ ಬೇರೆಯವರದು. ನಾನು ಒಳಗೆ ಹೋಗಿ ಖಾಲಿ ಜಾಗದಲ್ಲಿ ಸೋಮವಾರ ಎಂದು ತುಂಬಿದೆ. ಅಷ್ಟರಲ್ಲಿ ಮಂಗಳವಾರದವರು ಮರುದಿನ ಮಧ್ಯಾಹ್ನದ ಮೇಲೆ ಕೂರಿಗೆ ಬಿಟ್ಟುಕೊಡಲು ಒಪ್ಪಿದರು.

“ಇದನ್ನ ಬರದವ್ರು ನೀವ ಏನ್ರಿ?” ಎಂದರು ಗಂಗವ್ವ.

“ಹೌದ್ರಿ ಅವ್ವಾ. ತಪ್ಪು ನಂದ ಐತಿ. ದಣದಿದ್ದೆ, ಮರತ ಬಿಟ್ಟೆ.”

ಅವರು ಬೀಜದ ಚೀಲವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡರು.

“ಎತ್ತಿಗರೆ ಸೋಮಾರ ಐತಿ. ನಿಮಗ ಯಾವ ವಾರ ಐತ್ರಿ?”

ವಾಪಸು ಬಸ್ಸಿನಲ್ಲಿ ಬೆರಳು ಮಡಚಿ ಏಳೂ ವಾರ ಎಣಿಸಿದೆ. ಬೈಯುತ್ತಾರೆ ಎಂದುಕೊಂಡು ಹೋದವನಿಗೆ ಆ ಪ್ರಶ್ನೆ ಬೈಗುಳಕ್ಕಿಂತ ಹೆಚ್ಚು ತಾಗಿತ್ತು.

ಎರಡು ದಿನದ ಮೇಲೆ ಪೆದ್ರೊನ ಉತ್ತರ ಬಂತು. ಮೊದಲ ವರ್ಷ ಅದನ್ನು ತಪ್ಪೆಂದೇ ತಿಳಿದಿದ್ದರಂತೆ, ತಿದ್ದುವುದು ಅವರಿಗೆ ಗೊತ್ತಾಗಲಿಲ್ಲವಂತೆ. ಸೋಮವಾರ ಮೈದಾನ ಖಾಲಿ ಬಿದ್ದು ಹುಲ್ಲು ಚಿಗುರಿತಂತೆ. ಈಗ ಅವರೂರಿನಲ್ಲಿ ಸೋಮವಾರ ಯಾರೂ ಚೆಂಡು ಒದೆಯುವುದಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ, ದಯವಿಟ್ಟು ಅದನ್ನು ತೆಗೆಯಬೇಡಿ ಎಂದು ಬರೆದಿದ್ದ. ನಾನು ಅವನಿಗೆ ಎತ್ತಿನ ಸಂಗತಿಯನ್ನೆಲ್ಲ ವಿವರಿಸಿ, ಸೋಮವಾರವನ್ನು ಎಲ್ಲರಿಗೂ ಮೊದಲಿನಂತೆ ಇಟ್ಟೆ. ಬೇಡವಾದವರು ತೆಗೆದುಹಾಕಲಿ. ಈ ಸಲ ಆ ಸಾಲಿನ ಪಕ್ಕದಲ್ಲಿ ಕಾರಣವನ್ನೂ ಬರೆದೆ.

ಮುಂದಿನ ವಾರ ಯಾರೋ ಅಪರಿಚಿತರ ಪತ್ರ ಬಂತು. ಭಾಷೆಯ ಆರನೆಯ ಆವೃತ್ತಿ ತಯಾರಾಗುತ್ತಿದೆ, ಸರದಿಯನ್ನು ಅದಕ್ಕೆ ಯಾವಾಗ ಒಗ್ಗಿಸುತ್ತೀರಿ ಎಂದು ಕೇಳಿದ್ದರು. ಪತ್ರ ಬಂದದ್ದು ಸೋಮವಾರ. ನಾನು ಓದಿದ್ದು ಮಂಗಳವಾರ.