ಅಲ್ಲಾಡಿಸಿ ಕೊಟ್ಟ ಗಾಡಿ

ಪೆಟ್ರೋಲ್ ಅಗ್ಗವಿದ್ದ ಕಾಲ. ಅಪ್ಪನ ಹಳೆಯ ಸ್ಕೂಟರಿಗೆ ಪೆಟ್ರೋಲಿನ ಜೊತೆ ಆಯಿಲನ್ನೂ ಹಾಕಬೇಕಿತ್ತು. ನಂಜನಗೂಡಿನ ಬಂಕಿನವನು ಎರಡನ್ನೂ ಸುರಿದು, ಚೆನ್ನಾಗಿ ಬೆರೆಯಲೆಂದು ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಕೊಡುತ್ತಿದ್ದ. ಮುಂದೆ ನಿಂತಿರುತ್ತಿದ್ದ ನನಗೆ ಅದೇ ಉಯ್ಯಾಲೆ. ಚಕ್ರಕ್ಕೆ ಗಾಳಿಯನ್ನೂ ಅವನೇ ಹಾಕುತ್ತಿದ್ದ.

ಈಗ ಪೆಟ್ರೋಲ್ ರೇಟು ನೋಡಿದರೆ ಮೈ ಉರಿಯುತ್ತದೆ. ಗಾಳಿ ಕೇಳಿದರೆ ಮೂಲೆಯ ಮೆಷಿನ್ ತೋರಿಸುತ್ತಾರೆ. ಆ ಸಿಟ್ಟಿಗೇ ಈ ವರ್ಷ ಕರೆಂಟಿನ ಸ್ಕೂಟರ್ ಕೊಂಡೆ.

ಮೊದಲ ದಿನ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಟಿ. ನರಸೀಪುರಕ್ಕೆ ಹೊರಟಾಗ, ಅಪ್ಪ ಹ್ಯಾಂಡಲ್ ಹಿಡಿದು ಗಾಡಿಯನ್ನು ಅಲ್ಲಾಡಿಸತೊಡಗಿದರು.

"ಇದ್ಕೆ ಆಯಿಲ್ ಹಾಕಲ್ಲ ಕಣಪ್ಪ," ಎಂದೆ.

"ಗೊತ್ತು ಕಣವ್ವ. ನಿನ್ ಮಗಳ ಮಕ ನೋಡು," ಎಂದರು.

ಅವಳು ಕಿಲಕಿಲ ನಗುತ್ತಿದ್ದಳು. "ಇನ್ನೊಂದ್ಸಲ, ತಾತಾ!"